ಇಲಿಯ ರಕ್ತ ಕಲಿಸುವ ಪಾಠ

ಯಾವುದೋ ಸೊಪ್ಪಿನ ರಸದಿಂದ ಇಲಿಗಳ ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂಬ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಆ ಸೊಪ್ಪನ್ನು ಹುಡುಕಿಕೊಂಡು ಹೊರಡುವ ಮುನ್ನ ಆ ಇಲಿಯ ರಕ್ತವನ್ನು ತುಸು ಗಮನಿಸುವುದು ಒಳಿತು.

ಇಂಥ ಅನೇಕ ಪ್ರಯೋಗಗಳಲ್ಲಿ ಇಲಿಗೆ ಮಧುಮೇಹ ತಾನಾಗಿ ಬಂದಿರುವುದಿಲ್ಲ, ಬರಿಸಲಾಗಿರುತ್ತದೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಲ್ಲಿ ರೂಪುಗೊಂಡ ಬಿಳಿ ಇಲಿಯ ತಳಿಗೆ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕವನ್ನು ಚುಚ್ಚುತ್ತಾರೆ. ಅದು ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆ ಏರುತ್ತದೆ. ಇದೇ ರಾಸಾಯನಿಕ ಕ್ಯಾನ್ಸರ್ ಔಷಧವೂ ಹೌದು. ಹಾಗಾಗಿ ಇಲಿಯ ಬಿಳಿ ರಕ್ತಕಣಗಳು ಕಡಿಮೆಯಾದರೆ ಅದು ರೋಗದ ಫಲವೋ, ಮದ್ದಿನ ಫಲವೋ ಎಂದು ಬಿಡಿಸಿ ನೋಡಬೇಕಾಗುತ್ತದೆ. ಮೇಲಾಗಿ, ಆರೋಗ್ಯವಂತ ಮನುಷ್ಯನ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳದೇ ಮೇಲುಗೈ, ಇಲಿಯಲ್ಲಿ ಲಿಂಫೋಸೈಟ್‌ಗಳದು.

ಇನ್ನೂ ಮುಖ್ಯವಾದ ಅಂತರ ಕೆಂಪು ರಕ್ತಕಣಗಳಲ್ಲಿದೆ. ನಮ್ಮ ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಇಲಿಯದು ಸುಮಾರು 60 ದಿನ. ಕಣ ಬದುಕಿರುವಷ್ಟು ಕಾಲ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಮೆತ್ತಿಕೊಳ್ಳುತ್ತಲೇ ಇರುತ್ತದೆ. ವೈದ್ಯರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ. ಕಳೆದ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ನಮಗೆ ಸಿಗುವುದು ಆ ದೀರ್ಘಾಯಸ್ಸಿನಿಂದ. ಅಲ್ಪಾಯುಷಿಯಾದ ಇಲಿಯ ಕಣದಲ್ಲಿ ಅಷ್ಟು ಹಳೆಯ ಲೆಕ್ಕ ಉಳಿಯುವುದಿಲ್ಲ. ಆದ್ದರಿಂದ ಇಲಿಯ ಅಂಕಿಯನ್ನು ಮನುಷ್ಯನ ಅಂಕಿಯೊಂದಿಗೆ ನೇರವಾಗಿ ಹೋಲಿಸಲಾಗದು.

ಈ ಪಾಠ ಪ್ರಯೋಗಾಲಯದಲ್ಲೇ ಮುಗಿಯುವುದಿಲ್ಲ. ಕೆಂಪು ಕಣಗಳ ಆಯಸ್ಸು ಮನುಷ್ಯರಲ್ಲೂ ಏರುಪೇರಾಗುವುದುಂಟು. ಕಣಗಳು ಬೇಗ ಒಡೆಯುವ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರಬೇಕಾದುದಕ್ಕಿಂತ ಕಡಿಮೆ ತೋರುತ್ತದೆ. ಕಬ್ಬಿಣದ ಕೊರತೆಯಲ್ಲಿ ಹೆಚ್ಚು ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಎರಡೂ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಒಂದೇ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸುವುದೂ ನಿಲ್ಲಿಸುವುದೂ ಅಪಾಯಕರ.

ಎಚ್‌ಬಿಎ1ಸಿ ವರದಿಯ ಪಕ್ಕದಲ್ಲಿ ಹಿಮೋಗ್ಲೋಬಿನ್ ಪ್ರಮಾಣವನ್ನೂ, ಉಪವಾಸದ ಹಾಗೂ ಊಟದ ನಂತರದ ಸಕ್ಕರೆಯ ಮಟ್ಟವನ್ನೂ ಇಟ್ಟು ನೋಡಬೇಕು. ಇವು ಒಂದಕ್ಕೊಂದು ತಾಳೆಯಾಗದಿದ್ದರೆ ವೈದ್ಯರನ್ನು ಕೇಳಲು ಸಂಕೋಚಪಡಬೇಕಿಲ್ಲ. ಇನ್ನು ಸೊಪ್ಪಿನ ರಸದ ಮಾತು: ಇಲಿಯಲ್ಲಿ ಕಂಡ ಗುಣವು ಸಂಶೋಧನೆಯ ಮೊದಲ ಮೆಟ್ಟಿಲಷ್ಟೇ. ಅದು ಮನುಷ್ಯರ ಮೇಲಿನ ಪರೀಕ್ಷೆಯಲ್ಲೂ ಗೆಲ್ಲುವವರೆಗೆ ಇನ್ಸುಲಿನ್ ಅಥವಾ ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸುವುದು ಸಲ್ಲದು.