ತಡವಾದದ್ದೇ ಒಳಿತಾಯಿತು

ಬುಕ್ ಮಾಡಿದ ಹೊಸ ಮೊಬೈಲ್ ಇನ್ನೂ ಬಂದಿಲ್ಲವೆಂದು ನಿಮ್ಮ ಮಗ ಊಟ ಬಿಟ್ಟು ಮುನಿಸಿಕೊಂಡಿದ್ದಾನೆಯೇ? ಅವನನ್ನು ಗದರಿಸಬೇಡಿ. ಪಕ್ಕದಲ್ಲಿ ಕುಳ್ಳಿರಿಸಿ ಈ ಸಂಗತಿ ಹೇಳಿ.

2016ರ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್ ಕಂಪೆನಿಯು ಗ್ಯಾಲಕ್ಸಿ ನೋಟ್ 7 ಎಂಬ ಮೊಬೈಲನ್ನು ಹೊರತಂದಿತು. ನಮ್ಮ ದೇಶದಲ್ಲಿ ಅದರ ಬೆಲೆ 59,900 ರೂಪಾಯಿ. ಮುಂಗಡ ಬುಕ್ ಮಾಡಿದವರು ದಿನ ಎಣಿಸುತ್ತಿದ್ದರು. ಆದರೆ ಸೆಪ್ಟೆಂಬರ್ 2ರಂದು ಕಂಪೆನಿಯು ಮಾರಾಟವನ್ನೇ ತಡೆಹಿಡಿಯಿತು. ಬೇರೆ ದೇಶಗಳಲ್ಲಿ ಮೊದಲೇ ಕೊಂಡವರ ಕೆಲವು ಫೋನುಗಳು ಹೊತ್ತಿ ಉರಿದಿದ್ದವು! ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಬದಲಿಗೆ ಕೊಟ್ಟವುಗಳಲ್ಲೂ ಕೆಲವು ಸುಟ್ಟವು. ಅಕ್ಟೋಬರ್‌ನಲ್ಲಿ ತಯಾರಿಕೆಯೇ ನಿಂತಿತು. ಬ್ಯಾಟರಿಯ ದೋಷವೇ ಕಾರಣವೆಂದು 2017ರ ಜನವರಿಯಲ್ಲಿ ಕಂಪೆನಿ ತಿಳಿಸಿತು. ಇಲ್ಲಿ ಕಾದು ಬೇಸತ್ತವರ ಕೈಗೆ ಆ ಫೋನು ಬರಲೇ ಇಲ್ಲ. ಅಲ್‌ಹಮ್ದುಲಿಲ್ಲಾಹ್, ಆ ತಡವೇ ಅವರಿಗೆ ರಕ್ಷಣೆಯಾಯಿತು.

ಇನ್ನೊಂದು ಮಾತು. ಫೋನನ್ನು ನಡೆಸುವ ಒಳಗಿನ ತಂತ್ರಾಂಶವೇ ಫರ್ಮ್‌ವೇರ್. ಆ ಫೋನುಗಳ ಬ್ಯಾಟರಿ ಶೇ. 60ಕ್ಕಿಂತ ಹೆಚ್ಚು ಚಾರ್ಜ್ ಆಗದಂತೆ ಕೆಲವು ದೇಶಗಳಲ್ಲಿ ತಡೆದದ್ದು ಅದರ ಅಪ್‌ಡೇಟ್. ನಿಮ್ಮ ಫೋನಿಗೆ ಕಂಪೆನಿಯಿಂದ ಅಪ್‌ಡೇಟ್ ಬಂದರೆ ‘ಆಮೇಲೆ’ ಎಂದು ತಿಂಗಳುಗಟ್ಟಲೆ ತಳ್ಳಬೇಡಿ. ಮೊದಲು ಫೋಟೋಗಳನ್ನು ಬೇರೆಡೆ ಉಳಿಸಿಕೊಳ್ಳಿ, ಸಾಕಷ್ಟು ಚಾರ್ಜ್ ಇರಲಿ, ನಡುವೆ ಫೋನ್ ಆಫ್ ಮಾಡಬೇಡಿ. ಚಾರ್ಜಿಗಿಟ್ಟ ಫೋನನ್ನು ಮಕ್ಕಳು ದಿಂಬಿನಡಿ ಇಟ್ಟು ಮಲಗದಂತೆಯೂ ನೋಡಿಕೊಳ್ಳಿ.

ವಸ್ತುವಿಗಾಗಿ ಕಾಯುವಾಗ ಸಬ್ರ್ ಇರಲಿ, ಸುರಕ್ಷತೆಯ ವಿಷಯದಲ್ಲಿ ಉದಾಸೀನ ಬೇಡ. ಮಕ್ಕಳಿಗೆ ಇವೆರಡನ್ನೂ ಕಲಿಸಬೇಕಾದವರು ನಾವೇ ಅಲ್ಲವೇ?