ಕುಳಿತು ದುಡಿಯುವವರ ದಣಿವಿಗೆ ಅಳತೆ ಯಾವುದು?

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗುವ ಸಂದರ್ಭ ಒದಗಿತು. ಹತ್ತನೆಯ ತರಗತಿಯವರೆಗೆ ನಮ್ಮಲ್ಲೇ ಕನ್ನಡದಲ್ಲಿ ಕಲಿತವಳು. ಬಳಿಕ ಪದವಿ ಮುಗಿಸಿ, ಈಗ ಪೇಟೆಯ ಒಂದು ಕಚೇರಿಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಕಾಗದಪತ್ರಗಳ ವಿವರಗಳನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸದಲ್ಲಿದ್ದಾಳೆ. ಸಂಜೆ ಬಸ್ಸಿಳಿದು ಮನೆ ಸೇರುವಾಗ ಕಣ್ಣುರಿ, ಕುತ್ತಿಗೆ ಸೆಳೆತ, ತಲೆನೋವು. ಆಕೆಯ ತಾಯಿ ನಮ್ಮಲ್ಲಿ ದೂರಿಕೊಂಡರು: "ನಾನು ಮೂವತ್ತು ವರ್ಷ ಬೀಡಿ ಕಟ್ಟಿದವಳು ಮಾಷ್ಟ್ರೇ. ಇವಳದ್ದು ಫ್ಯಾನಿನ ಅಡಿಯಲ್ಲಿ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಅದರಲ್ಲಿ ಬಚ್ಚಲಿಕ್ಕೆ ಎಂಥ ಉಂಟು? ನೀವೇ ಸ್ವಲ್ಪ ಹೇಳಿ."

ಹುಡುಗಿ ಏನೂ ಹೇಳದೆ ಒಳಗೆ ಹೋದಳು. ನಮಗೂ ಆಗ ಉತ್ತರ ಹೊಳೆಯಲಿಲ್ಲ. ಜ್ವರ ಬಂದವನ ಬಾಯಿಗೆ ಉಷ್ಣಮಾಪಕ ಇಟ್ಟರೆ ಮನೆಯವರೆಲ್ಲ ಒಪ್ಪುತ್ತಾರೆ. ದಣಿದವನಲ್ಲಿ ಒಪ್ಪಿಸಲು ಏನಿದೆ? ಮನೆಗೆ ಮರಳಿದ ಮೇಲೂ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹುಡುಕಿ ಓದಿದಷ್ಟನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ದಣಿವನ್ನು ಅಳೆಯುವ ಹಂಬಲ ಕಂಪ್ಯೂಟರಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರಜ್ಞರು ಎರ್ಗೋಗ್ರಾಫ್ ಎಂಬ ಉಪಕರಣವನ್ನು ರಚಿಸಿದರು. ಕೈಯನ್ನು ಕಟ್ಟಿ, ನಡುಬೆರಳಿನಿಂದ ಮಾತ್ರ ಒಂದು ತೂಕವನ್ನು ಮತ್ತೆ ಮತ್ತೆ ಎಳೆಯುವುದು. ಪ್ರತಿ ಎಳೆತವೂ ಕಾಗದದ ಮೇಲೆ ಗೆರೆಯಾಗಿ ಮೂಡುವುದು. ಗೆರೆಗಳು ಗಿಡ್ಡವಾಗುತ್ತ ಬಂದಂತೆ ಸ್ನಾಯು ಸೋಲುತ್ತಿದೆ ಎಂದರ್ಥ. ದಣಿವನ್ನು ಕುರಿತ ಅವರ ಗ್ರಂಥ ಪ್ರಕಟವಾದದ್ದು 1891ರಲ್ಲಿ. ಅಧ್ಯಾಪಕರಾದ ನಮ್ಮನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯೇ ಇದೆ. ಮೊಸ್ಸೊ ತಮ್ಮ ಸಹೋದ್ಯೋಗಿಯೊಬ್ಬರ ಬೆರಳನ್ನು ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸುವ ಮೊದಲು ಒಮ್ಮೆ, ಆ ಬಳಿಕ ಒಮ್ಮೆ ಈ ಯಂತ್ರದಲ್ಲಿ ಪರೀಕ್ಷಿಸಿದರು. ಕುಳಿತಲ್ಲೇ ಪ್ರಶ್ನೆ ಕೇಳಿದ್ದಲ್ಲದೆ ಆ ಮಹನೀಯರು ಬೇರೇನೂ ಮಾಡಿರಲಿಲ್ಲ. ಆದರೂ ಬೆರಳಿನ ಬಲ ಕುಗ್ಗಿತ್ತು. ಮನಸ್ಸಿನ ಶ್ರಮ ಶರೀರವನ್ನೂ ತಟ್ಟುತ್ತದೆ ಎಂಬುದು ನೂರು ವರ್ಷಗಳ ಹಿಂದೆಯೇ ಕಾಗದದ ಮೇಲೆ ಮೂಡಿತ್ತು. ಮೌಲ್ಯಮಾಪನ ಶಿಬಿರದಿಂದ ಮರಳುವ ಮಾಸ್ತರರನ್ನು ಯಾರೂ ಹೀಗೆ ಪರೀಕ್ಷಿಸದಿರುವುದೇ ಒಳ್ಳೆಯದು.

ಪರದೆಯ ಮುಂದೆ ದುಡಿಯುವವರಿಗೆ ಬೆರಳಿನ ಈ ಲೆಕ್ಕ ಸಾಲದಾಯಿತು. ಅದಕ್ಕಾಗಿ ಬಳಸಿದ ಪರೀಕ್ಷೆಗಳಲ್ಲಿ ಮಿನುಗು ಪರೀಕ್ಷೆ ಒಂದು. ದೀಪವೊಂದು ನಿಧಾನವಾಗಿ ಮಿನುಗಿದರೆ ಮಿನುಗುವುದು ಕಾಣುತ್ತದೆ. ವೇಗ ಏರುತ್ತ ಹೋದಂತೆ ಒಂದು ಹಂತದಲ್ಲಿ ಸ್ಥಿರವಾಗಿ ಉರಿಯುವಂತೆ ತೋರುತ್ತದೆ. ಬೆಳಕಿನ ಪ್ರಖರತೆಗೆ ತಕ್ಕಂತೆ ಹಂತ ವ್ಯತ್ಯಾಸವಾದರೂ ಸೆಕೆಂಡಿಗೆ ನಲ್ವತ್ತರ ಆಸುಪಾಸು ಎನ್ನಬಹುದು. ದಣಿದವರಲ್ಲಿ ಇದು ಕೆಳಗಿಳಿಯುತ್ತದೆ, ಅಂದರೆ ಇನ್ನೂ ಮಿನುಗುತ್ತಿರುವ ದೀಪ ಅವರಿಗೆ ಸ್ಥಿರವಾಗಿ ಕಾಣುತ್ತದೆ. ಜಪಾನಿನ ಸಂಶೋಧಕರು ಇದನ್ನು ಬಹಳವಾಗಿ ಬಳಸಿದರು. ಆದರೆ ಬೇಸರದ ಕೆಲಸದಲ್ಲೂ ಸಂಖ್ಯೆ ಇಳಿಯುತ್ತದೆ, ನಿದ್ದೆಗೆಟ್ಟರೂ ಇಳಿಯುತ್ತದೆ. ಇಳಿದದ್ದು ಯಾಕೆಂದು ಯಂತ್ರ ಹೇಳುವುದಿಲ್ಲ.

ಆದುದರಿಂದ ಆ ದೇಶದ ಔದ್ಯೋಗಿಕ ಆರೋಗ್ಯ ತಜ್ಞರು ಯಂತ್ರದೊಂದಿಗೆ ಬಾಯಿಮಾತನ್ನೂ ಹಿಡಿದರು. 1970ರ ಸುಮಾರಿಗೆ ಅವರು ಬಳಕೆಗೆ ತಂದ ಪಟ್ಟಿಯಲ್ಲಿ ಮೂವತ್ತು ಪ್ರಶ್ನೆಗಳಿದ್ದವು. ತಲೆ ಭಾರವಾಗಿದೆಯೇ, ಆಕಳಿಕೆ ಬರುತ್ತಿದೆಯೇ, ಮನಸ್ಸು ಒಂದೆಡೆ ನಿಲ್ಲುತ್ತಿಲ್ಲವೇ, ಭುಜ ಬಿಗಿದಿದೆಯೇ ಎಂಬಂಥವು. ಕೆಲಸಕ್ಕೆ ಮೊದಲು, ನಡುವೆ, ಕೊನೆಗೆ ಗುರುತು ಹಾಕುವುದು. 2002ರಲ್ಲಿ ಅದನ್ನು ತಿದ್ದಿ ಇಪ್ಪತ್ತೈದಕ್ಕೆ ಇಳಿಸಿದಾಗ, ಹಿಂದೆ ಅಲ್ಲಲ್ಲಿ ಮಾತ್ರ ಸುಳಿಯುತ್ತಿದ್ದ ಕಣ್ಣಿಗೆ ಪ್ರತ್ಯೇಕವಾಗಿ ಐದು ಪ್ರಶ್ನೆಗಳ ಒಂದು ಗುಂಪೇ ಸಿಕ್ಕಿತು. ದುಡಿಮೆಯ ಸ್ವರೂಪ ಬದಲಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೇಳಿ ತಿಳಿಯುವುದೂ ಒಂದು ಅಳತೆಯೇ ಎಂಬ ಸಂಶಯ ನಮಗೂ ಮೊದಲು ಇತ್ತು. ಆದರೆ ಹೊಟ್ಟೆನೋವೆಂದ ಮಗುವನ್ನು ನಾವು ಕೇಳಿಯೇ ಮನೆಗೆ ಕಳುಹಿಸುತ್ತೇವಲ್ಲ! ಒಂದು ದಿನದ ಉತ್ತರ ನೆಪವಿದ್ದೀತು. ಹತ್ತು ದಿನ ಅದೇ ಹೊತ್ತಿಗೆ ಅದೇ ಗುರುತು ಬಿದ್ದರೆ ಅದನ್ನು ನೆಪವೆನ್ನುವುದು ಕಷ್ಟ.

ಕಣ್ಣುರಿಗೆ ಕಾರಣ ತೋರಿಸಿದ ಅಳತೆ ಎಲ್ಲಕ್ಕಿಂತ ಸರಳ: ರೆಪ್ಪೆ ಬಡಿಯುವುದನ್ನು ಎಣಿಸುವುದು. 1993ರಲ್ಲಿ ತ್ಸುಬೋಟ ಮತ್ತು ನಕಮೋರಿ ಎಂಬ ಜಪಾನಿ ವೈದ್ಯರು 104 ಮಂದಿ ಕಚೇರಿ ನೌಕರರನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಸುಮ್ಮನಿರುವಾಗ ನಿಮಿಷಕ್ಕೆ ಸರಾಸರಿ 22 ಬಾರಿ ಬಡಿಯುವ ರೆಪ್ಪೆ, ಪುಸ್ತಕ ಓದುವಾಗ 10ಕ್ಕೂ, ಪರದೆ ನೋಡುವಾಗ 7ಕ್ಕೂ ಇಳಿದಿತ್ತು. ಪುಸ್ತಕ ಕೆಳಗಿರುವುದರಿಂದ ರೆಪ್ಪೆ ಅರ್ಧ ಮುಚ್ಚಿರುತ್ತದೆ. ಎದುರಿಗಿರುವ ಪರದೆಯನ್ನು ನೋಡಲು ಕಣ್ಣು ಪೂರ್ತಿ ತೆರೆದಿರಬೇಕು. ಗಾಳಿಗೆ ಒಡ್ಡಿದ ಕಣ್ಣಿನ ಭಾಗ ಓದುವಾಗಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು. ತೆರೆದ ಕಣ್ಣು, ವಿರಳವಾಗಿ ಬಡಿಯುವ ರೆಪ್ಪೆ, ಮೇಲಿನಿಂದ ಫ್ಯಾನಿನ ಗಾಳಿ. ಕಣ್ಣೀರಿನ ತೆಳುಪೊರೆ ಒಣಗದೆ ಏನಾದೀತು?

ಇದನ್ನು ಓದಿದ ಮೇಲೆ ನಮ್ಮ ಶಾಲೆಯಲ್ಲೂ ಒಂದು ಪ್ರಯೋಗ ನಡೆಯಿತು. ಅಂಕಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದ ನಮ್ಮನ್ನು ಸಹೋದ್ಯೋಗಿಯೊಬ್ಬರು ಹೇಳದೆ ಕೇಳದೆ ಗಮನಿಸಿ, ನಿಮಿಷಕ್ಕೆ ಐದೇ ಎಂದರು. ನಂಬದೆ ಮತ್ತೆ ಎಣಿಸಲು ಹೇಳಿದೆವು. ಈ ಸಲ ಹದಿನೆಂಟು ಬಂತು! ಎಣಿಸುತ್ತಾರೆಂದು ತಿಳಿದರೆ ರೆಪ್ಪೆಯೂ ಶಿಸ್ತು ಪಾಲಿಸುತ್ತದೆ. ಅಳೆಯುವವರಿಗೆ ಇದೊಂದು ತೊಡಕು.

ಅಳತೆಯಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಅಮೆರಿಕದ ಆದಾಯ ತೆರಿಗೆ ಇಲಾಖೆಯಲ್ಲಿ ನಡೆದ ಅಧ್ಯಯನವನ್ನು ತೋರಿಸಬಹುದು. ಅದು ಪ್ರಕಟವಾದದ್ದು 2000ದಲ್ಲಿ. ನಮ್ಮ ಹುಡುಗಿಯಂತೆಯೇ ವಿವರ ತುಂಬಿಸುವ ನೌಕರರು. ದಿನಕ್ಕೆ ಹದಿನೈದು ನಿಮಿಷಗಳ ಎರಡು ಬಿಡುವು ವಾಡಿಕೆ. ಕೆಲವು ವಾರ ಅದರ ಮೇಲೆ ಐದೈದು ನಿಮಿಷಗಳ ನಾಲ್ಕು ಬಿಡುವುಗಳನ್ನು ಸೇರಿಸಿದರು. ಕಣ್ಣಿನ ಬೇನೆ, ಮೈಕೈ ನೋವು ಕಡಿಮೆಯಾದುವು. ದಿನಕ್ಕೆ ಇಪ್ಪತ್ತು ನಿಮಿಷ ಕೈಬಿಟ್ಟರೂ ಆದ ಕೆಲಸ ಕಡಿಮೆಯಾಗಲಿಲ್ಲ. ಎದ್ದು ನಿಂತವನನ್ನು ಸೋಮಾರಿ ಎನ್ನುವ ಮೇಲಧಿಕಾರಿಗಳು ಈ ಲೆಕ್ಕವನ್ನು ಒಮ್ಮೆ ನೋಡುವುದೊಳಿತು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಡದೆ ಪರದೆ ನೋಡಬಾರದು, ಹತ್ತು ಹದಿನೈದು ನಿಮಿಷ ಬೇರೆ ಕೆಲಸವಿರಬೇಕು ಎಂದು ಜಪಾನಿನ ಕಾರ್ಮಿಕ ಇಲಾಖೆ 1985ರಲ್ಲೇ ಸೂಚಿಸಿತ್ತು. ಯುರೋಪಿನ ರಾಷ್ಟ್ರಗಳ ಒಕ್ಕೂಟದ 1990ರ ನಿರ್ದೇಶನದಂತೆ ಪರದೆಯ ಕೆಲಸಗಾರರಿಗೆ ಕಣ್ಣಿನ ಪರೀಕ್ಷೆ ಒಂದು ಹಕ್ಕು. ಅದರ ಖರ್ಚು ಕೆಲಸಗಾರನ ಮೇಲೆ ಬೀಳಬಾರದು.

ಮುಂದಿನ ಸಲ ಆ ಮನೆಗೆ ಹೋಗುವಾಗ ಜಪಾನಿನ ಪಟ್ಟಿಯ ಮಾದರಿಯಲ್ಲಿ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಒಯ್ದೆವು. ಎರಡು ವಾರ ಹುಡುಗಿ ದಿನಕ್ಕೆ ಮೂರು ಬಾರಿ ಗುರುತು ಹಾಕಿದಳು. ಬೆಳಗ್ಗೆ ಬಹುಪಾಲು ಖಾಲಿ. ಮೂರು ಗಂಟೆಯ ಸಾಲು ಗೀಟುಗಳಿಂದ ತುಂಬಿತ್ತು. ವಿಚಾರಿಸಿದಾಗ, ಕಚೇರಿಯಲ್ಲಿ ಪರದೆಯನ್ನು ಒಂದು ಪೆಟ್ಟಿಗೆಯ ಮೇಲೆ ಎತ್ತರಕ್ಕೆ ಇಟ್ಟಿದ್ದು ತಿಳಿಯಿತು. ಪೆಟ್ಟಿಗೆ ತೆಗೆದು ಪರದೆಯನ್ನು ಮೇಜಿಗೆ ಇಳಿಸಿದ್ದಾಳೆ. ಕಣ್ಣುರಿಯ ಗೀಟು ಕಡಿಮೆಯಾಗಿದೆ, ಕುತ್ತಿಗೆಯದು ಹಾಗೆಯೇ ಇದೆ. ಬಿಡುವಿನ ಮಾತನ್ನು ಮೇಲಿನವರಲ್ಲಿ ಎತ್ತಲು ಅವಳಿಗೆ ಇನ್ನೂ ಧೈರ್ಯ ಬಂದಿಲ್ಲ.

ತಾಯಿ ಆ ಹಾಳೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಕುತ್ತಿಗೆ, ಭುಜ, ಸೊಂಟ, ಕಣ್ಣು ಎಂದು ಬೆರಳಿಟ್ಟು ಓದಿದರು. "ಬೀಡಿ ಕಟ್ಟುವವರಿಗೂ ಇಂಥದ್ದು ಉಂಟಾ ಮಾಷ್ಟ್ರೇ?" ಎಂದರು. ಜಪಾನಿನವರು ಇದನ್ನು ಎಲ್ಲ ಬಗೆಯ ಕೆಲಸದವರಿಗೆಂದೇ ಮಾಡಿದ್ದು ಎಂದೆವು. ಅವರ ಕೈಗೂ ಒಂದು ಪ್ರತಿ ಬರೆದುಕೊಟ್ಟು ಬಂದೆವು.