ಹದಿನೆಂಟು ತುಂಬಿದರೆ ಸಾಕೇ?

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯವರೆಗೆ ಸಂಜೆಯ ಮೈದಾನಗಳಲ್ಲಿ ಕಾಣುವುದು ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಹಾಕಿ ಸ್ಟಿಕ್ ಅಪರೂಪ. ಆದರೆ ಎಳೆಯ ಪ್ರತಿಭೆಯನ್ನು ಯಾವಾಗ ದೊಡ್ಡ ರಂಗಕ್ಕೆ ಏರಿಸಬೇಕೆಂಬ ಪ್ರಶ್ನೆ ಈ ಸೀಮೆಗೆ ಹಳೆಯದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ನೆಲ ಇದು. ಬಾಲಗೋಪಾಲನ ವೇಷದಲ್ಲಿ ಚೆಂದ ಕುಣಿದ ಹುಡುಗನಿಗೆ ಮರುವರ್ಷವೇ ಪ್ರಧಾನ ವೇಷ ಕೊಡುವುದಿಲ್ಲ. ತಾಳ, ಮಾತು, ಎದುರು ಪಾತ್ರದ ನಡೆ ಮೈಗೂಡಬೇಕು. ನಮ್ಮ ಹಾಕಿಯಲ್ಲಿ ಇಂಥ ನಡುವಣ ಮೆಟ್ಟಿಲುಗಳೇ ಕಡಿಮೆ.

ಸೋಮವಾರಪೇಟೆಯ ಎಸ್.ವಿ. ಸುನಿಲ್ 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಆಡಿದಾಗ ವಯಸ್ಸು 18. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 7–2ರ ಗೆಲುವು. ಆ ಆರಂಭಕ್ಕಿಂತ ಮುಂದಿನ ವರ್ಷಗಳೇ ನನಗೆ ಮುಖ್ಯವೆನಿಸುತ್ತವೆ. 2009ರಲ್ಲಿ ಮಲೇಷ್ಯಾದ ಅಜ್ಲಾನ್ ಷಾ ಟೂರ್ನಿಯ ನಡುವೆ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ತಂಡದೊಂದಿಗೇ ಉಳಿದು ಆಡಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ 12ನೇ ಸ್ಥಾನಕ್ಕೆ ಬಿತ್ತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ ಬಂದದ್ದು ಇದೆಲ್ಲ ಉಂಡ ಮೇಲೆ.

ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ 2006ರಲ್ಲೇ ಹಿರಿಯರ ತಂಡ ಸೇರಿದರೂ ಹೆಸರಾದದ್ದು 2011ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ, ಪಾಕಿಸ್ತಾನದ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದ ಬಳಿಕ. ಐದು ವರ್ಷದ ಆ ಕಾಯುವಿಕೆಯೂ ತರಬೇತಿಯೇ.

ಹಾಗಾದರೆ ಆಯ್ಕೆಗಾರರು ಏನು ನೋಡಬೇಕು? ಜೂನಿಯರ್ ಟೂರ್ನಿಯ ಗೋಲುಗಳನ್ನಷ್ಟೇ ಎಣಿಸಿದರೆ ಮೋಸ ಹೋಗುತ್ತೇವೆ. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುವುದರಿಂದ ಹುಡುಗರ ಕಣ್ಣು ಸದಾ ಕೆಳಗೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಜಾರಿ ಓಡುತ್ತದೆ. ಅಲ್ಲಿ ತಲೆ ಎತ್ತಿ, ಚೆಂಡು ಬರುವ ಮೊದಲೇ ಮುಂದಿನ ಪಾಸ್ ಕಂಡುಕೊಂಡಿರಬೇಕು. ಚೆಂಡು ಕೈತಪ್ಪಿದ ಕ್ಷಣವೇ ಹಿಂದಕ್ಕೆ ಓಡುತ್ತಾನೋ ಇಲ್ಲವೋ ಎಂಬುದು ಇನ್ನೂ ದೊಡ್ಡ ಪರೀಕ್ಷೆ. 15 ನಿಮಿಷಗಳ ನಾಲ್ಕನೇ ಕ್ವಾರ್ಟರ್‌ನಲ್ಲೂ ಹಾಗೆ ಓಡುವವನು ನನ್ನ ದೃಷ್ಟಿಯಲ್ಲಿ ಸಿದ್ಧ, ಅವನಿಗೆ ಹದಿನೇಳಾಗಿರಲಿ, ಇಪ್ಪತ್ತೆರಡಾಗಿರಲಿ.

2017ರ ಬಳಿಕ ನಿಂತಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ 24 ಮಂದಿಯ ಪ್ರತಿ ತಂಡದಲ್ಲಿ ಕನಿಷ್ಠ ನಾಲ್ವರು ಜೂನಿಯರ್ ಭಾರತೀಯರು ಇರಲೇಬೇಕೆಂಬ ನಿಯಮ ಬಂತು. ಇದು ನನಗೆ ತುಂಬ ಹಿಡಿಸಿದ ನಿರ್ಧಾರ. ವಿದೇಶಿ ಹಿರಿಯರ ಜೊತೆ ಅಭ್ಯಾಸ ಮಾಡುವ ಹುಡುಗ, ದೇಶದ ಜೆರ್ಸಿ ತೊಡುವ ಮೊದಲೇ ತಪ್ಪು ಮಾಡಿ ತಿದ್ದಿಕೊಳ್ಳಬಹುದು. ಆದರೆ ಬೆಂಚಿನ ಮೇಲೆ ಕೂರಿಸಿ ಲೆಕ್ಕ ತುಂಬಿಸಿದರೆ ಆ ನಿಯಮದಿಂದ ಪ್ರಯೋಜನವಿಲ್ಲ; ಅವರಿಗೆ ಆಟದ ನಿಮಿಷಗಳು ಸಿಗಬೇಕು.

ನಮ್ಮ ಕರಾವಳಿಯ ಮಕ್ಕಳಿಗಂತೂ ಈ ಏಣಿ ಶುರುವಾಗುವುದೇ ದೂರದ ಕೊಡಗಿನಲ್ಲೋ ಬೆಂಗಳೂರಿನಲ್ಲೋ. ಮರಳಿನಲ್ಲಿ ಓಡಿ ಗಟ್ಟಿಯಾದ ಕಾಲು ಇಲ್ಲಿ ಬೇಕಾದಷ್ಟಿವೆ. ಹತ್ತು ವರ್ಷದ ಮಗುವಿಗೆ ಒಂದು ಸ್ಟಿಕ್, ಕಲಿಸಲು ಬಲ್ಲ ಒಬ್ಬ ಮೇಷ್ಟ್ರು, ತಿಂಗಳಿಗೊಮ್ಮೆಯಾದರೂ ಟರ್ಫ್ ಮೇಲೆ ಆಡುವ ಅವಕಾಶ: ಮೂರು ತಾಲ್ಲೂಕಿಗೆ ಸೇರಿ ಇಷ್ಟನ್ನಾದರೂ ಒದಗಿಸುವ ಕೆಲಸ ಕ್ರೀಡಾ ಇಲಾಖೆಯದು.